ಪೌಡರ್ ಡಬ್ಬಿ ಮೇಲೆ ‘ಶುಗರ್ ಬುಡದಿಂದಲೇ ವಾಸಿ’ ಅಂತ ಬರೆಯೋಕೆ ಕಾನೂನು ಬಿಡುತ್ತಾ?

ತಿಪಟೂರು ತೆಂಗು
ಅಪ್ಪನಿಗೆ ಶುಗರ್ ಇದೆ. ಡಾಕ್ಟರ್ ಕೊಟ್ಟ ಮಾತ್ರೆಯಲ್ಲಿ ಹತೋಟಿಯಲ್ಲೇ ಇತ್ತು. ಈಚೆಗೆ ನಮ್ಮ ಬೀದಿಯವರೇ ಒಬ್ಬರು ಒಂದು ಪೌಡರ್ ತಂದುಕೊಟ್ಟಿದ್ದಾರೆ. ಒಬ್ಬರ ಕೆಳಗೆ ಇನ್ನೊಬ್ಬರನ್ನು ಸೇರಿಸುವ ಚೈನ್ ಕಂಪನಿಯದ್ದು. ಡಬ್ಬಿಗೆ ಎರಡು ಸಾವಿರದ ಮೇಲೆ. ಮುಂದುಗಡೆ ದಪ್ಪ ಅಕ್ಷರದಲ್ಲಿ ‘ಶುಗರ್ ಬುಡದಿಂದಲೇ ವಾಸಿ’ ಅಂತಿದೆ. ಅದರ ಕೆಳಗೆ ‘ಇನ್ನು ಇನ್ಸುಲಿನ್ ಬೇಕಿಲ್ಲ’. ಪಕ್ಕದಲ್ಲಿ ಬಿಳಿ ಕೋಟು ಹಾಕಿದವರ ಫೋಟೋ, ‘ವೈದ್ಯರ ಶಿಫಾರಸು’ ಅಂತ ಒಂದು ಮುದ್ರೆ.

ಹಿಂದುಗಡೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇದೆ. ನಾನು ಏನಾದರೂ ಹೇಳಲು ಹೋದರೆ ಅಪ್ಪ ಆ ನಂಬರ್ ತೋರಿಸಿ ‘ಸರ್ಕಾರವೇ ಒಪ್ಪಿದೆ, ನಿನ್ನದೇನು’ ಅನ್ನುತ್ತಾರೆ. ರಾತ್ರಿಯ ಮಾತ್ರೆ ಬಿಟ್ಟಿದ್ದಾರೆ ಅಂತ ನಿನ್ನೆ ಅಮ್ಮ ಹೇಳಿದರು. ನನಗೆ ನಿಜವಾಗಿ ಭಯ ಆಗಿದೆ. ಆ ನಂಬರ್ ಇದ್ದರೆ ಹೀಗೆಲ್ಲ ಬರೆಯಬಹುದಾ? ಬರೆಯಬಾರದು ಅಂತಾದರೆ ಯಾರಿಗೆ ಹೇಳಬೇಕು?

ರಾಗಿಮುದ್ದೆ
ಮೊದಲು ಮಾತ್ರೆ ಮತ್ತೆ ಶುರು ಮಾಡಿಸಿ. ಕಾನೂನು ಆಮೇಲೆ ನೋಡೋಣ.

ಜಯನಗರ 4ನೇ ಬ್ಲಾಕ್
ನಮ್ಮ ಸೋದರಮಾವನ ಮನೆಯಲ್ಲೂ ಇದೇ ಕಥೆ. ಅವರದ್ದು ಮಂಡಿನೋವಿಗೆ. ತಂದುಕೊಟ್ಟವರು ನೆಂಟರು, ಬೇಡ ಅನ್ನೋಕೂ ಆಗಲ್ಲ.

ಲೇಬಲ್ ಓದುವವ
ನಾನು ಆಹಾರ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ನೋಡುವ ಕೆಲಸದಲ್ಲಿದ್ದೇನೆ. ಲೇಬಲ್ ಅಚ್ಚಿಗೆ ಹೋಗುವ ಮುಂಚೆ ನನ್ನ ಕೈ ದಾಟಿ ಹೋಗಬೇಕು. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ 14 ಅಂಕಿಯ ನಂಬರ್ ಇದೆಯಲ್ಲ, ಅದು ತಯಾರಿಸುವವರಿಗೋ ಮಾರುವವರಿಗೋ ಸಿಕ್ಕ ಲೈಸೆನ್ಸ್. ‘ಈ ಜಾಗದಲ್ಲಿ ಇಂಥ ಆಹಾರ ಮಾಡಲು ಅನುಮತಿ ಇದೆ’ ಅನ್ನುವುದಷ್ಟೇ ಅದರ ಅರ್ಥ. ಡಬ್ಬಿ ಮೇಲಿನ ಮಾತನ್ನು ಸರ್ಕಾರ ಪರೀಕ್ಷೆ ಮಾಡಿ ಒಪ್ಪಿದೆ ಅಂತ ಅಲ್ಲವೇ ಅಲ್ಲ. ನಿಮ್ಮ ತಂದೆಯವರಿಗೆ ಮೊದಲು ಇದನ್ನು ಹೇಳಿ. ಬೀದಿಯ ಬೇಕರಿಯ ಗೋಡೆಯಲ್ಲೂ ಅಂಥದ್ದೇ ನಂಬರ್ ಇರುತ್ತದೆ.

ಇನ್ನು ನಿಯಮ. ಹೆಲ್ತ್ ಸಪ್ಲಿಮೆಂಟ್, ನ್ಯೂಟ್ರಾಸ್ಯೂಟಿಕಲ್ ಅಂತ ಊಟದ ಜೊತೆಗೆ ಪೋಷಕಾಂಶಕ್ಕಾಗಿ ತೆಗೆದುಕೊಳ್ಳುವ ಪದಾರ್ಥಗಳಿಗೆ 2016ರಲ್ಲೇ ಬೇರೆ ನಿಯಮಾವಳಿ ಬಂತು, 2018ರ ಜನವರಿಯಿಂದ ಜಾರಿ. ಅದರ ಪ್ರಕಾರ ಡಬ್ಬಿ ಮೇಲೆ ‘ಹೆಲ್ತ್ ಸಪ್ಲಿಮೆಂಟ್’ ಅಂತ ಬರೆಯಲೇಬೇಕು. ‘ಔಷಧವಾಗಿ ಬಳಸಲು ಅಲ್ಲ’ ಅಂತ ಎದ್ದು ಕಾಣುವ ಹಾಗೆ ಬರೆಯಬೇಕು. ದಿನಕ್ಕೆ ಇಷ್ಟೇ ತೆಗೆದುಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ ಅಂತ ಇರಬೇಕು. ಮಕ್ಕಳ ಕೈಗೆ ಸಿಗದಂತೆ ಇಡಿ ಅಂತಲೂ ಇರಬೇಕು.

ಜಾಹೀರಾತಿಗೆ ಮತ್ತು ಡಬ್ಬಿ ಮೇಲೆ ಹೇಳಿಕೊಳ್ಳುವ ಗುಣಗಳ ಮಾತಿಗೆ 2018ರದ್ದು ಇನ್ನೊಂದು ನಿಯಮಾವಳಿ, 2019ರ ಜುಲೈನಿಂದ ಜಾರಿ. ಆಹಾರವೊಂದು ರೋಗ ತಡೆಯುತ್ತೆ, ಗುಣ ಮಾಡುತ್ತೆ ಅಂತ ಹೇಳುವ ಹಾಗಿಲ್ಲ. ವೈದ್ಯರ ಶಿಫಾರಸು ಅಂತ ಹಾಕುವ ಹಾಗೂ ಇಲ್ಲ. ನೀವು ಹೇಳಿದ ಮೂರೂ ಸಾಲು ನಿಯಮದ ವಿರುದ್ಧ. ಇದರಲ್ಲಿ ಎರಡು ಮಾತಿಲ್ಲ.

ಕೋಟೆನಾಡು
ಹಾಗಾದರೆ ‘ಕ್ಯಾಲ್ಸಿಯಂನಿಂದ ಮೂಳೆ ಸವೆತದ ಅಪಾಯ ಕಡಿಮೆ’ ಅಂತ ಹಾಕಿರುತ್ತಾರಲ್ಲ, ಅದೂ ತಪ್ಪಾ?

ಲೇಬಲ್ ಓದುವವ
ಅದಕ್ಕೆ ಅವಕಾಶ ಇದೆ. ಯಾವ ಪೋಷಕಾಂಶದಿಂದ ಯಾವ ರೋಗದ ಅಪಾಯ ಕಡಿಮೆ ಅಂತ ಹೇಳಬಹುದು ಅನ್ನುವ ಪಟ್ಟಿಯನ್ನು ನಿಯಮದಲ್ಲೇ ಕೊಟ್ಟಿದ್ದಾರೆ. ಕ್ಯಾಲ್ಸಿಯಂ ಮತ್ತು ಮೂಳೆ ಸವೆತ, ಕಡಿಮೆ ಉಪ್ಪು ಮತ್ತು ಬಿಪಿ, ಇಂಥವು. ಅಪಾಯ ಕಡಿಮೆ ಅನ್ನಬಹುದು. ವಾಸಿ ಅನ್ನಬಾರದು.

ಮೆಡಿಕಲ್ ಶಾಪ್ ಮೇಷ್ಟ್ರು
ಲೇಬಲ್ ಸರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು, ಇಲ್ಲದಿದ್ದರೆ ಜನ ಒಳ್ಳೆಯ ಡಬ್ಬಿಯನ್ನೂ ಅನುಮಾನಿಸುತ್ತಾರೆ. ‘ಶುಗರ್ ಇರುವವರಿಗಾಗಿ’ ಅಂತ ಬರೆದ ಆಹಾರ ಕಾನೂನುಬದ್ಧವಾಗಿಯೇ ಇದೆ. ಅದು ವಿಶೇಷ ಪಥ್ಯದ ಆಹಾರ ಅನ್ನುವ ಬೇರೆ ವರ್ಗ. ಆಸ್ಪತ್ರೆಯಲ್ಲಿ ಮೂಗಿನ ನಳಿಗೆಯಲ್ಲಿ ಕೊಡುವ ಪೌಡರ್‌ಗಳದ್ದು ಮತ್ತೊಂದು ವರ್ಗ. ಅದರ ಮೇಲೆ ವೈದ್ಯರ ಸಲಹೆಯಂತೆ ಮಾತ್ರ ಬಳಸಿ ಅಂತ ಇರಲೇಬೇಕು. ಹಾಗಾಗಿ ಡಬ್ಬಿ ಮೇಲೆ ಶುಗರ್ ಅನ್ನುವ ಹೆಸರು ಕಂಡ ಕೂಡಲೇ ಮೋಸ ಅನ್ನಬೇಡಿ. ಅದರ ಮುಂದೆ ಏನು ಬರೆದಿದ್ದಾರೆ ನೋಡಿ.

ಅಮೃತಬಳ್ಳಿ
ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ಮೆಂತ್ಯ, ಹಾಗಲಕಾಯಿ, ನೇರಳೆ ಬೀಜ ಶುಗರ್‌ಗೆ ಒಳ್ಳೆಯದು ಅಂತ ನಮ್ಮಜ್ಜಿ ಕಾಲದಿಂದ ಗೊತ್ತು. ಅದನ್ನೇ ಡಬ್ಬಿಗೆ ತುಂಬಿ ಬರೆದರೆ ತಪ್ಪು ಅನ್ನುವುದಾದರೆ ನಮ್ಮ ವೈದ್ಯ ಪದ್ಧತಿಯೇ ಬೇಡ ಅಂದ ಹಾಗಾಯಿತು. ಈ ನಿಯಮ ಎಲ್ಲ ದೊಡ್ಡ ಔಷಧ ಕಂಪನಿಗಳ ಅನುಕೂಲಕ್ಕೆ ಮಾಡಿದ್ದು.

ಲೇಬಲ್ ಓದುವವ
ಮೆಂತ್ಯ ತಿನ್ನಬೇಡಿ ಅಂತ ಯಾರೂ ಹೇಳಿಲ್ಲ. ಆಯುರ್ವೇದ ಔಷಧಕ್ಕೆ ಬೇರೆ ಲೈಸೆನ್ಸ್ ಇದೆ, ಅದು 1940ರ ಔಷಧ ಕಾಯ್ದೆಯ ಕೆಳಗೆ ಬರುತ್ತದೆ. ಆಯುರ್ವೇದ ಆಹಾರ ಅಂತ 2022ರಲ್ಲಿ ಇನ್ನೊಂದು ವರ್ಗ ಬಂದಿದೆ, ಅದಕ್ಕೆ ಬೇರೆ ಲಾಂಛನವೇ ಇದೆ. ಈ ಡಬ್ಬಿ ಆಹಾರದ ಲೈಸೆನ್ಸ್ ತೆಗೆದುಕೊಂಡು ಔಷಧದ ಮಾತು ಆಡುತ್ತಿದೆ. ತಕರಾರು ಅಲ್ಲಿ.

ಧಾರವಾಡದ ವಕೀಲ್ರು
ಅಮೃತಬಳ್ಳಿಯವರೇ, ಔಷಧದ ಲೈಸೆನ್ಸ್ ಇದ್ದರೂ ಹಾಗೆ ಜಾಹೀರಾತು ಕೊಡಲು ಬರುವುದಿಲ್ಲ. 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ಅಂತ ಒಂದಿದೆ. ಅದರ ಪಟ್ಟಿಯಲ್ಲಿ ಮಧುಮೇಹ, ಕ್ಯಾನ್ಸರ್, ಬೊಜ್ಜು, ಎತ್ತರ ಹೆಚ್ಚಿಸುವುದು ಎಲ್ಲ ಇವೆ. ಇವನ್ನು ಗುಣ ಮಾಡುತ್ತೇವೆ ಅಂತ ಜಾಹೀರಾತು ಕೊಟ್ಟರೆ ಅಪರಾಧ. ಲೇಬಲ್ಲನ್ನೂ ಆ ಕಾಯ್ದೆ ಜಾಹೀರಾತು ಅಂತಲೇ ಪರಿಗಣಿಸುತ್ತದೆ. ಅಲೋಪತಿಗೂ ಇದೇ ಕಾಯ್ದೆ, ಆಯುರ್ವೇದಕ್ಕೂ ಇದೇ. ಭಾರತೀಯ ವೈದ್ಯಕೀಯ ಸಂಘ ಹಾಕಿದ ಕೇಸಿನಲ್ಲಿ ಪತಂಜಲಿ 2024ರ ಏಪ್ರಿಲ್‌ನಲ್ಲಿ ಪತ್ರಿಕೆಗಳಲ್ಲಿ ಕ್ಷಮೆ ಪ್ರಕಟಿಸಬೇಕಾಯಿತು, ನೆನಪಿದೆಯಲ್ಲ? ಸುಪ್ರೀಂ ಕೋರ್ಟಿನಲ್ಲಿ ನಡೆದದ್ದು ಜಾಹೀರಾತಿನ ಮಾತು, ಆಯುರ್ವೇದ ಸರಿಯೋ ತಪ್ಪೋ ಅನ್ನುವುದಲ್ಲ.

ಅಮೃತಬಳ್ಳಿ
ಕಾನೂನು ಎಲ್ಲರಿಗೂ ಒಂದೇ ಆದರೆ ಟಿವಿಯಲ್ಲಿ ಮಕ್ಕಳ ಎತ್ತರದ ಪೌಡರ್ ಜಾಹೀರಾತು ವರ್ಷಗಟ್ಟಲೆ ಹೇಗೆ ಬಂತು ಸ್ವಾಮಿ? ಅದನ್ನೂ ಕೇಳಿ. ಗಿಡಮೂಲಿಕೆಯವರನ್ನು ಮಾತ್ರ ಹಿಡಿಯಬೇಡಿ.

ರಾಗಿಮುದ್ದೆ
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ದೊಡ್ಡವರನ್ನೂ ಕೇಳಬೇಕು. 2024ರ ಏಪ್ರಿಲ್‌ನಲ್ಲಿ ‘ಹೆಲ್ತ್ ಡ್ರಿಂಕ್’ ವಿಭಾಗದಿಂದ ಬೋರ್ನ್‌ವಿಟಾ ಥರದ್ದನ್ನು ತೆಗೆಯಿರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಕೇಂದ್ರ ಹೇಳಿತು. ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹೆಲ್ತ್ ಡ್ರಿಂಕ್ ಅನ್ನುವ ವರ್ಗವೇ ಇಲ್ಲ ಅಂತ ಆಗ ಗೊತ್ತಾಯಿತು. ನಾವೆಲ್ಲ ಅದನ್ನೇ ಕುಡಿದು ಬೆಳೆದವರು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಅದಕ್ಕೆ ಜಾಹೀರಾತೇ ಇಲ್ಲ.

ಹುರಿಹಿಟ್ಟು
ರಾಗಿ ಮಾಲ್ಟ್ ಅಂತ ಅಂಗಡಿಯಲ್ಲಿ ಸಿಗುವ ಪ್ಯಾಕೆಟ್ಟನ್ನೂ ತಿರುಗಿಸಿ ಓದಿ. ಕೆಲವದರಲ್ಲಿ ಮೊದಲ ಹೆಸರೇ ಸಕ್ಕರೆ.

ಶಿರಸಿ ಸೀಮೆ
ಸ್ವಲ್ಪ ದಾರಿ ತಪ್ಪುತ್ತೇನೆ, ಆದರೆ ಇದು ನಮ್ಮೂರಿನ ವಿಷಯ. ತೂಕ ಇಳಿಸುವ ಕ್ಯಾಪ್ಸೂಲ್‌ಗಳ ಮೇಲೆ ‘ಗಾರ್ಸೀನಿಯಾ ಕಾಂಬೋಜಿಯಾ’ ಅಂತ ಬರೆದಿರುತ್ತಾರಲ್ಲ, ಅದು ನಮ್ಮ ಕಾಡಿನ ಹುಳಿಹಣ್ಣು ಉಪ್ಪಾಗೆ. ಕೊಡಗಿನವರು ಅಡುಗೆಗೆ ಹಾಕುವ ಹುಳಿ ಕಾಚಂಪುಳಿಯೂ ಅದರದ್ದೇ. ಮಳೆಗಾಲದಲ್ಲಿ ಕಾಡಿಗೆ ಹೋಗಿ ಹಣ್ಣು ತಂದು, ಸಿಪ್ಪೆ ಬಿಡಿಸಿ, ಬೆಂಕಿ ಹಾಕಿ ಒಣಗಿಸುತ್ತಾರೆ. ಬಿಸಿಲೇ ಇರುವುದಿಲ್ಲವಲ್ಲ. ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುತ್ತಾರೆ, ಅದನ್ನು ಅಡುಗೆಗೆ ಬಳಸುವ ಮನೆಗಳು ಈಗಲೂ ಇವೆ. ಹೊರದೇಶದ ಬೇಡಿಕೆ ಬಂದ ಮೇಲೆ ಸಿಪ್ಪೆಗೆ ಬೆಲೆ ಬಂತು, ಹಣ್ಣಾಗುವ ಮುಂಚೆಯೇ ಕೊಂಬೆ ಕಡಿದು ಕೊಯ್ಯುವವರೂ ಹುಟ್ಟಿಕೊಂಡರು.

ಇಷ್ಟೆಲ್ಲ ಆಗಿ ಅದರಿಂದ ತೂಕ ಇಳಿಯುತ್ತದಾ? 1998ರಲ್ಲಿ ಅಮೆರಿಕದಲ್ಲಿ 135 ಜನರ ಮೇಲೆ 12 ವಾರ ಪರೀಕ್ಷೆ ಮಾಡಿದರು. ಉಪ್ಪಾಗೆಯ ಸಾರ ತಿಂದವರಿಗಿಂತ ಸುಮ್ನೆ ಪೊಳ್ಳು ಮಾತ್ರೆ ತಿಂದವರೇ ಚೂರು ಜಾಸ್ತಿ ಇಳಿದಿದ್ದರು, ಲೆಕ್ಕಕ್ಕೆ ಬರುವ ವ್ಯತ್ಯಾಸ ಇರಲಿಲ್ಲ. ಮೇಲಾಗಿ ಯಕೃತ್ತಿಗೆ ಪೆಟ್ಟಾದ ಪ್ರಕರಣಗಳು ಬೇರೆ ಬೇರೆ ದೇಶಗಳಲ್ಲಿ ವರದಿಯಾಗಿವೆ. ಸಾರಿಗೆ ಹುಳಿಯಾಗಿ ಹಾಕುವುದು ಬೇರೆ, ಸಾರ ತೆಗೆದು ಗಟ್ಟಿಮಾಡಿ ದಿನವೂ ನುಂಗುವುದು ಬೇರೆ. ಅಜ್ಜಿ ಕಾಲದಿಂದ ತಿನ್ನುತ್ತಿದ್ದೇವೆ ಅನ್ನುವ ಮಾತು ಕ್ಯಾಪ್ಸೂಲ್‌ಗೆ ಹೊಂದುವುದಿಲ್ಲ. ಅಮೃತಬಳ್ಳಿಯವರು ಇದನ್ನು ಯೋಚಿಸಬೇಕು.

ಕೋಟೆನಾಡು
ಉಪ್ಪಾಗೆ ತುಪ್ಪ ಎಲ್ಲಿ ಸಿಗುತ್ತೆ?

ಶಿರಸಿ ಸೀಮೆ
ಪೇಟೆಯಲ್ಲಿ ಕೇಳಿ ನೋಡಿ, ಆದರೆ ಇದಕ್ಕೆ ಬೇರೆ ಚರ್ಚೆ ಶುರು ಮಾಡೋಣ.

ಡಂಬಲ್ ದೇಶಪ್ರೇಮಿ
ಪ್ರೋಟೀನ್ ಪೌಡರ್ ಬಗ್ಗೆ ಯಾರೂ ಮಾತಾಡಿಲ್ಲ. ಕೇರಳದ ಯಕೃತ್ ತಜ್ಞ ಡಾ. ಸಿರಿಯಾಕ್ ಆಬಿ ಫಿಲಿಪ್ಸ್ ಮತ್ತು ಜೊತೆಯವರು ಭಾರತದಲ್ಲಿ ಮಾರುವ 36 ಪ್ರೋಟೀನ್ ಪೌಡರ್ ಪರೀಕ್ಷೆ ಮಾಡಿ 2024ರಲ್ಲಿ ಪ್ರಕಟಿಸಿದರು. ಸುಮಾರು ಶೇ. 70ರಷ್ಟು ಡಬ್ಬಿಗಳಲ್ಲಿ ಬರೆದ ಪ್ರೋಟೀನ್ ಲೆಕ್ಕ ತಪ್ಪಾಗಿತ್ತು. ಅಂದರೆ ರೋಗದ ಮಾತು ಬಿಡಿ, ಒಳಗೆ ಏನಿದೆ ಅನ್ನುವುದನ್ನೇ ಸರಿಯಾಗಿ ಬರೆದಿಲ್ಲ.

ಜಯನಗರ 4ನೇ ಬ್ಲಾಕ್
ಜಿಮ್ ಹುಡುಗರಿಗೆ ಅಷ್ಟು ಪ್ರೋಟೀನ್ ಬೇಕಾ ಅಂತಲೇ ನನ್ನ ಪ್ರಶ್ನೆ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಲೆಕ್ಕದಲ್ಲಿ ದೇಹದ ತೂಕದ ಕಿಲೋಗೆ 0.83 ಗ್ರಾಂ. 60 ಕಿಲೋ ಇದ್ದರೆ 50 ಗ್ರಾಂ ಆಯಿತು. ಬೇಳೆ, ಹುರುಳಿ, ಮೊಟ್ಟೆ, ಮೊಸರಲ್ಲಿ ಬರುತ್ತದೆ.

ಡಂಬಲ್ ದೇಶಪ್ರೇಮಿ
ಭಾರ ಎತ್ತುವವರಿಗೆ ಅದಕ್ಕಿಂತ ಜಾಸ್ತಿ ಬೇಕು ಮೇಡಂ. ನಾವು ದುಡ್ಡು ಕೊಟ್ಟು ಕೊಳ್ಳುವವರು, ಬರೆದಷ್ಟು ಒಳಗೆ ಇರಲಿ ಅಂತ ಕೇಳುವುದು ನ್ಯಾಯ ಅಲ್ವಾ?

ರಕ್ತಪರೀಕ್ಷೆ ಅಕ್ಕ
ನಾನು ಲ್ಯಾಬ್ ಟೆಕ್ನಿಷಿಯನ್. ಕೂದಲು ಬೆಳೆಯಲು ಅಂತ ಬಯೋಟಿನ್ ಗಮ್ಮಿ (ಬಿ ಗುಂಪಿನ ಒಂದು ವಿಟಮಿನ್ ಇರುವ, ಚಾಕಲೇಟಿನ ಹಾಗೆ ಅಗಿಯುವ ತುಂಡು) ತಿನ್ನುವವರು ಈಗ ಬಹಳ. ಬಯೋಟಿನ್ ಹೆಚ್ಚಾದರೆ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಿಹೋಗುತ್ತದೆ. ಇಲ್ಲದ ಥೈರಾಯ್ಡ್ ತೊಂದರೆ ಇದೆ ಅಂತ ಬರಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಕಡಿಮೆ ಬರಬಹುದು. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡುವ ಮುಂಚೆ ಏನೇನು ತಿನ್ನುತ್ತೀರಿ ಅಂತ ಹೇಳಿ, ದಯವಿಟ್ಟು. ‘ಅದು ಮಾತ್ರೆ ಅಲ್ಲ, ಸುಮ್ನೆ ಗಮ್ಮಿ’ ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ.

ಮತ್ತೆ ತೆಂಗು ಅವರೇ, ನಿಮ್ಮ ತಂದೆಯವರ ಶುಗರ್ ಆ ಪುಡಿಯಿಂದ ಧಿಡೀರ್ ಇಳಿದರೆ ಖುಷಿ ಪಡಬೇಡಿ, ಇನ್ನೂ ಹೆಚ್ಚು ಹೆದರಿ. ಗಿಡಮೂಲಿಕೆ ಅಂತ ಮಾರಿದ ಶುಗರ್ ಪುಡಿಗಳಲ್ಲಿ ಹೇಳದೆ ಕೇಳದೆ ಅಲೋಪತಿ ಮಾತ್ರೆಯ ಪುಡಿ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಮನೆಯ ಮಾತ್ರೆಯೂ ಅದೂ ಸೇರಿದರೆ ಶುಗರ್ ಪೂರ್ತಿ ಕುಸಿದು ಪ್ರಜ್ಞೆ ತಪ್ಪಬಹುದು.

ಮ್ಯಾಂಚೆಸ್ಟರ್ ಮಂಡ್ಯ
ಇಲ್ಲಿಯದ್ದು ಹೇಳುತ್ತೇನೆ. ಯುರೋಪಿನ 2006ರ ನಿಯಮದಲ್ಲಿ ಆರೋಗ್ಯದ ಮಾತು ಬರೆಯಬೇಕಾದರೆ ಮೊದಲೇ ಒಪ್ಪಿಗೆ ಬೇಕು. 2012ರಲ್ಲಿ ಒಪ್ಪಿದ 222 ಮಾತುಗಳ ಪಟ್ಟಿ ಬಂತು. ಬ್ರಿಟನ್ ಹೊರಬಂದ ಮೇಲೂ ಅದೇ ಪದ್ಧತಿ ಇಟ್ಟುಕೊಂಡಿದೆ. ‘ವಿಟಮಿನ್ ಸಿ ರೋಗನಿರೋಧಕ ವ್ಯವಸ್ಥೆಯ ಸಹಜ ಕೆಲಸಕ್ಕೆ ನೆರವಾಗುತ್ತದೆ’ ಅನ್ನುವಷ್ಟು ಸಪ್ಪೆಯಾಗಿ ಬರೆಯಬೇಕು. ಪಟ್ಟಿಯಲ್ಲಿ ಇಲ್ಲದ್ದನ್ನು ಬರೆಯುವ ಹಾಗಿಲ್ಲ. ನಮ್ಮಲ್ಲೂ ಹೀಗೆ ಮಾಡಿದರೆ ಈ ಗೋಳೇ ಇರುವುದಿಲ್ಲ.

ಫ್ರೀಮಾಂಟ್ ಬಿಸಿಬೇಳೆ
ಅಮೆರಿಕ ಅದಕ್ಕೆ ತದ್ವಿರುದ್ಧ. 1994ರ ಕಾನೂನಿನಿಂದಾಗಿ ಸಪ್ಲಿಮೆಂಟ್ ಮಾರುವ ಮುಂಚೆ ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ‘ಕೀಲುಗಳಿಗೆ ಬೆಂಬಲ’ ಅಂತ ಬರೆದು, ಕೆಳಗೆ ‘ಈ ಮಾತನ್ನು ಎಫ್‌ಡಿಎ ಪರಿಶೀಲಿಸಿಲ್ಲ, ಯಾವುದೇ ರೋಗ ಗುಣಪಡಿಸಲು ಅಲ್ಲ’ ಅಂತ ಹಾಕಿದರೆ ಮುಗಿಯಿತು. ಊರಿಂದ ಬಂದ ಅತ್ತೆ ಮಾವ ಇಲ್ಲಿನ ಡಬ್ಬಿ ಅಂದರೆ ಶುದ್ಧ ಅಂತ ಸೂಟ್‌ಕೇಸ್ ತುಂಬಾ ಒಯ್ಯುತ್ತಾರೆ. ಆ ನಂಬಿಕೆಗೆ ಆಧಾರವಿಲ್ಲ.

ತಿಪಟೂರು ತೆಂಗು
ಎಲ್ಲರಿಗೂ ಧನ್ಯವಾದ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿದ್ದೆ, ಮಾತ್ರೆ ಮತ್ತೆ ಶುರುವಾಗಿದೆ. ಈಗ ಡಬ್ಬಿಯನ್ನು ಬೆಳಕಿಗೆ ಹಿಡಿದು ಸರಿಯಾಗಿ ನೋಡಿದೆ. ‘ಶುಗರ್ ಬುಡದಿಂದಲೇ ವಾಸಿ’ ಇರುವುದು ಒಂದು ಸ್ಟಿಕ್ಕರ್ ಮೇಲೆ! ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಟಿಸಿದ್ದಾರೆ. ಅದನ್ನು ಎಬ್ಬಿಸಿದರೆ ಕೆಳಗೆ ಕಂಪನಿಯ ಮೂಲ ಲೇಬಲ್, ಪೂರ್ತಿ ಇಂಗ್ಲಿಷ್. ಹೆಲ್ತ್ ಸಪ್ಲಿಮೆಂಟ್ ಅಂತಿದೆ, ಔಷಧವಾಗಿ ಬಳಸಲು ಅಲ್ಲ ಅಂತಲೂ ಇದೆ. ಶುಗರ್ ವಾಸಿ ಅಂತ ಎಲ್ಲೂ ಇಲ್ಲ, ‘ಆರೋಗ್ಯಕರ ಗ್ಲೂಕೋಸ್ ಮಟ್ಟಕ್ಕೆ ನೆರವು’ ಅನ್ನುವ ಥರ ಒಂದು ಸಾಲು ಇದೆ. ಸ್ಟಿಕ್ಕರ್ ಸರಿಯಾಗಿ ಆ ಎಚ್ಚರಿಕೆಯ ಮೇಲೆಯೇ ಕೂತಿತ್ತು.

ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಅದೇನು?

ರಕ್ತಪರೀಕ್ಷೆ ಅಕ್ಕ
ಅಯ್ಯೋ ದೇವರೇ. ಅದು ಪಿಷ್ಟವನ್ನು ಒಡೆದು ಮಾಡಿದ ಪುಡಿ. ಹೊಟ್ಟೆಗೆ ಹೋದ ಕೂಡಲೇ ಗ್ಲೂಕೋಸ್ ಆಗುತ್ತದೆ.

ಲೇಬಲ್ ಓದುವವ
ಪಟ್ಟಿಯಲ್ಲಿ ತೂಕದ ಪ್ರಕಾರ ಜಾಸ್ತಿ ಇರುವುದು ಮೊದಲು ಬರಬೇಕು ಅನ್ನುವುದು ನಿಯಮ. ಅಂದರೆ ಆ ಡಬ್ಬಿಯಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದು ಅದೇ. ಮೆಂತ್ಯ, ನೇರಳೆ ಏನಾದರೂ ಇದ್ದರೆ ಎಷ್ಟನೆಯದು ಅಂತ ನೋಡಿ.

ತಿಪಟೂರು ತೆಂಗು
ಇವೆ. ಪಟ್ಟಿಯ ಕೊನೆಕೊನೆಯಲ್ಲಿ.

ಅಮೃತಬಳ್ಳಿ
ಇದನ್ನು ನಾನೂ ಒಪ್ಪುವುದಿಲ್ಲ. ಗಿಡಮೂಲಿಕೆ ಹೆಸರು ಕೆಡಿಸುವವರು ಇವರೇ. ದೂರು ಕೊಡಿ.

ಧಾರವಾಡದ ವಕೀಲ್ರು
ಸ್ಟಿಕ್ಕರ್ ವಿಷಯ ಬಹಳ ಮುಖ್ಯ. ಲೇಬಲ್‌ನ ಕಡ್ಡಾಯ ವಿವರ ಇಂಗ್ಲಿಷಿನಲ್ಲೋ ದೇವನಾಗರಿ ಹಿಂದಿಯಲ್ಲೋ ಇದ್ದರೆ ಸಾಕು ಅಂತ ನಿಯಮ. ಬೇರೆ ಭಾಷೆಯಲ್ಲೂ ಹಾಕಬಹುದು, ಆದರೆ ಅದು ಮೂಲಕ್ಕೆ ವಿರುದ್ಧವಾಗಿರಬಾರದು. ಇಲ್ಲಿ ಪೂರ್ತಿ ವಿರುದ್ಧ. ಕಂಪನಿಯನ್ನು ಕೇಳಿದರೆ ‘ನಮ್ಮ ಲೇಬಲ್ ಸರಿಯಾಗಿದೆ’ ಅನ್ನುತ್ತದೆ. ಮಾರಿದವರನ್ನು ಕೇಳಿದರೆ ‘ಮೇಲಿನವರು ಕೊಟ್ಟ ಸ್ಟಿಕ್ಕರ್’ ಅನ್ನುತ್ತಾರೆ. ಹಾಗಾಗಿ ದೂರಿನಲ್ಲಿ ಇಬ್ಬರ ಹೆಸರೂ ಇರಲಿ.

ರಾಗಿಮುದ್ದೆ
ನನಗೆ ಹೊಟ್ಟೆ ಉರಿಯುವುದು ಇದೇ. ಆಸೆ ಹುಟ್ಟಿಸುವ ಮಾತು ಕನ್ನಡದಲ್ಲಿ, ಎಚ್ಚರಿಕೆಯ ಮಾತು ಇಂಗ್ಲಿಷಿನಲ್ಲಿ. ನಮ್ಮಮ್ಮ ಏಳನೇ ಕ್ಲಾಸ್ ಓದಿದವರು, ಕನ್ನಡ ಪೇಪರ್ ದಿನವೂ ಓದುತ್ತಾರೆ. ಅವರಿಗೆ ಡಬ್ಬಿಯ ಮೇಲೆ ಅರ್ಥವಾಗುವುದು ಸುಳ್ಳು ಮಾತ್ರ. ಕರ್ನಾಟಕದಲ್ಲಿ ಮಾರುವ ಸಪ್ಲಿಮೆಂಟ್ ಮೇಲೆ ‘ಇದು ಔಷಧವಲ್ಲ’ ಅನ್ನುವ ಸಾಲು ಕನ್ನಡದಲ್ಲಿ ಕಡ್ಡಾಯ ಆಗಲೇಬೇಕು. ಅಂಗಡಿಯ ಬೋರ್ಡಿಗೆ ಕನ್ನಡ ಕೇಳುತ್ತೇವೆ, ಜೀವಕ್ಕೆ ಸಂಬಂಧಪಟ್ಟ ಸಾಲಿಗೆ ಯಾಕೆ ಕೇಳುವುದಿಲ್ಲ?

ಮೆಡಿಕಲ್ ಶಾಪ್ ಮೇಷ್ಟ್ರು
ನೂರಕ್ಕೆ ನೂರು ಸರಿ. ನನ್ನ ಅಂಗಡಿಗೆ ಬರುವ ಎಷ್ಟೋ ಜನ ಆ ಸಾಲು ನಾನು ಓದಿ ಹೇಳಿದಾಗಲೇ ಕೇಳುವುದು.

ಬೇಸತ್ತವ
ಎಲ್ಲ ಸರಿ, ದೂರು ಕೊಟ್ಟು ಏನಾಗುತ್ತದೆ? ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ 2024ರಲ್ಲಿ ಆದೇಶ ಆಯಿತು. ನಮ್ಮ ಬೀದಿಯಲ್ಲಿ ಗೋಬಿ ಇನ್ನೂ ಕೆಂಪಗೇ ಇದೆ.

ಮೂರನೇ ಬೆಂಚ್ ಟೀಚರ್
ಏನೂ ಆಗಲ್ಲ ಅನ್ನಬೇಡಿ. ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಸುವ ಒಆರ್‌ಎಸ್ ನೋಡಿ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. ಒಆರ್‌ಎಸ್ ಅಂತ ಹೆಸರಿಟ್ಟು ಸಿಹಿ ಪಾನೀಯ ಮಾರುತ್ತಿದ್ದರು. ನಿಜವಾದ ಒಆರ್‌ಎಸ್‌ನಲ್ಲಿ ಲೀಟರಿಗೆ 13.5 ಗ್ರಾಂ ಗ್ಲೂಕೋಸ್, ಆ ಪ್ಯಾಕುಗಳಲ್ಲಿ ಸಕ್ಕರೆ ಅದರ ಎಷ್ಟೋ ಪಟ್ಟು. ಭೇದಿಯಾದ ಮಗುವಿಗೆ ಅದನ್ನು ಕುಡಿಸಿದರೆ ಭೇದಿ ಇನ್ನೂ ಹೆಚ್ಚುತ್ತದೆ. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಎಫ್‌ಎಸ್‌ಎಸ್‌ಎಐ ಆ ಹೆಸರು ಬಳಸಬಾರದು ಅಂತ ಆದೇಶ ಮಾಡಿತು. ನಾನು ಶಾಲೆಯಲ್ಲಿ ಪೋಷಕರ ಸಭೆಯಲ್ಲಿ ಇದನ್ನು ಹೇಳುತ್ತಲೇ ಇರುತ್ತೇನೆ.

ಬೇಸತ್ತವ
ಅವರು ಡಾಕ್ಟರ್. ನಮ್ಮಂಥವರ ಮಾತು ಯಾರು ಕೇಳುತ್ತಾರೆ?

ಧಾರವಾಡದ ವಕೀಲ್ರು
ದಾರಿ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ. ಪ್ರತಿ ಜಿಲ್ಲೆಗೂ ಆಹಾರ ಸುರಕ್ಷತೆಯ ಅಂಕಿತ ಅಧಿಕಾರಿ ಇರುತ್ತಾರೆ. ಅವರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಎಫ್‌ಎಸ್‌ಎಸ್‌ಎಐನ ಫುಡ್ ಸೇಫ್ಟಿ ಕನೆಕ್ಟ್ ಆ್ಯಪ್‌ನಲ್ಲೂ ಹಾಕಿ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ತಪ್ಪು ಲೇಬಲ್‌ಗೆ 3 ಲಕ್ಷದವರೆಗೆ, ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ ದಂಡ ಇದೆ. 2019ರ ಗ್ರಾಹಕ ಕಾಯ್ದೆಯಲ್ಲಿ ಮತ್ತೆ ಮತ್ತೆ ಮಾಡಿದರೆ 50 ಲಕ್ಷದವರೆಗೂ ಹೋಗುತ್ತದೆ, ಪ್ರಚಾರ ಮಾಡಿದ ಸೆಲೆಬ್ರಿಟಿಗೂ ದಂಡ ಬೀಳಬಹುದು.

ಇನ್ನೊಂದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಂ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಸರ್ಕಾರದ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಆದರೆ ಕೊಳ್ಳುವಾಗಲೇ ಮಾರುವವರಿಗೆ ಪರೀಕ್ಷೆಗೆ ಕಳಿಸುತ್ತೇನೆ ಅಂತ ತಿಳಿಸಬೇಕು. ತಪ್ಪು ಸಾಬೀತಾದರೆ ಶುಲ್ಕ ವಾಪಸ್ ಬರುತ್ತದೆ.

ಜಯನಗರ 4ನೇ ಬ್ಲಾಕ್
ತಂದುಕೊಟ್ಟವರು ಅಕ್ಕಪಕ್ಕದವರು. ದೂರು ಕೊಟ್ಟರೆ ಅವರ ಮುಖ ಹೇಗೆ ನೋಡುವುದು? ಇದಕ್ಕೂ ಉತ್ತರ ಬೇಕಲ್ವಾ?

ಮೂರನೇ ಬೆಂಚ್ ಟೀಚರ್
ಮೊದಲು ಅವರ ಜೊತೆ ಕೂತು ಮಾತಾಡಿ. ಅವರೂ ನಂಬಿಯೇ ದುಡ್ಡು ಹಾಕಿರುತ್ತಾರೆ. ಸ್ಟಿಕ್ಕರ್ ಎಬ್ಬಿಸಿ ಕೆಳಗಿನದನ್ನು ತೋರಿಸಿ, ಕನ್ನಡದಲ್ಲಿ ಓದಿ ಹೇಳಿ. ಅವರ ಮನೆಯಲ್ಲೂ ಶುಗರ್ ಇರುವವರು ಅದನ್ನೇ ಕುಡಿಯುತ್ತಿರಬಹುದು.

ತಿಪಟೂರು ತೆಂಗು
ಟೀಚರ್ ಹೇಳಿದ್ದು ನಿಜ. ಅವರ ಹೆಂಡತಿಯೂ ಅದನ್ನೇ ಕುಡಿಯುತ್ತಿದ್ದಾರಂತೆ, ಅಮ್ಮನನ್ನು ಕೇಳಿ ತಿಳಿದುಕೊಂಡೆ. ಸಂಜೆ ಅಪ್ಪನನ್ನೂ ಕರೆದುಕೊಂಡು ಅವರ ಮನೆಗೆ ಹೋಗುತ್ತೇನೆ. ಆಮೇಲೆ ತುಮಕೂರಿಗೆ ಹೋಗಿ ದೂರು ಕೊಡುವುದು ಖಂಡಿತ. ಬಿಲ್ ಕೊಟ್ಟಿಲ್ಲ, ಫೋನ್‌ಪೇ ಮಾಡಿದ್ದು ಮಾತ್ರ ಇದೆ. ನಡೆಯುತ್ತಾ?

ಧಾರವಾಡದ ವಕೀಲ್ರು
ಅದನ್ನೇ ಪ್ರಿಂಟ್ ಹಾಕಿ ಲಗತ್ತಿಸಿ. ಸ್ಟಿಕ್ಕರ್ ಇದ್ದಾಗಿನ ಫೋಟೋ, ಎಬ್ಬಿಸಿದ ಮೇಲಿನ ಫೋಟೋ, ಬ್ಯಾಚ್ ನಂಬರ್, ತಯಾರಿಸಿದ ದಿನಾಂಕ, ಆ 14 ಅಂಕಿ ಎಲ್ಲ ಸ್ಪಷ್ಟವಾಗಿ ಬರಲಿ. ಅವರು ವಾಟ್ಸಾಪ್‌ನಲ್ಲಿ ಕಳಿಸಿದ ವಿಡಿಯೋ ಇದ್ದರೆ ಅಳಿಸಬೇಡಿ.

ಲೇಬಲ್ ಓದುವವ
ಉಳಿದ ಪುಡಿಯನ್ನೂ ಎಸೆಯಬೇಡಿ. ಡಬ್ಬಿ ಸಮೇತ ಹಾಗೇ ಮುಚ್ಚಿಡಿ, ಅಧಿಕಾರಿ ಕೇಳಬಹುದು. ಅಪ್ಪನ ಕೈಗೆ ಮಾತ್ರ ಸಿಗದ ಹಾಗೆ ಇಡಿ.